ಹಸು ಕರೆಯೋರು ಯಾರು?

ಮದುವೆ ಮನೆಯಲ್ಲಿ ಕಾಶಿಯಾತ್ರೆ ಅಂತ ಒಂದು ಶಾಸ್ತ್ರ ಇದೆಯಲ್ಲ, ನಮ್ಮ ಕಡೆ ಗಂಡಸರ ದೂರಪ್ರಯಾಣ ಶುರುವಾಗುವುದೂ ಮುಗಿಯುವುದೂ ಅಲ್ಲೇ. ಹೊಸ ಛತ್ರಿ, ಹೊಸ ಚಪ್ಪಲಿ, ಕೈಯಲ್ಲೊಂದು ಕೋಲು, ಖರ್ಚೆಲ್ಲ ಹೆಣ್ಣಿನ ಕಡೆಯವರದು. ಇಷ್ಟು ಅನುಕೂಲ ಜನ್ಮದಲ್ಲಿ ಇನ್ನೊಮ್ಮೆ ಸಿಗುವುದಿಲ್ಲ. ಆದರೂ ಮದುಮಗ ಛತ್ರದ ಗೇಟು ದಾಟುವುದರೊಳಗೆ ಯಾರೋ ಬಂದು ಕೈ ಹಿಡಿದು ವಾಪಸ್ ಕರೆತರುತ್ತಾರೆ. ಅವನೂ ಬಂದುಬಿಡುತ್ತಾನೆ! ಅಲ್ಲಿಂದಾಚೆಗೆ ಅವನ ಪಾಲಿನ ಪ್ರವಾಸ ಅಂದರೆ ಚನ್ನರಾಯಪಟ್ಟಣದ ತಾಲ್ಲೂಕು ಕಚೇರಿ, ಹಾಸನದ ದೊಡ್ಡಾಸ್ಪತ್ರೆ, ವರ್ಷಕ್ಕೊಮ್ಮೆ ಧರ್ಮಸ್ಥಳ. ಧರ್ಮಸ್ಥಳಕ್ಕೂ ರಾತ್ರಿ ಹೊರಟು ಮಾರನೇ ದಿನ ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆಗೆ.

ನಮ್ಮ ಹಿರೀಸಾವೆ ಇರುವ ಜಾಗವೋ, ಹೊಟ್ಟೆ ಉರಿಸುವುದಕ್ಕೇ ಮಾಡಿಟ್ಟಂತಿದೆ. ಬೆಂಗಳೂರು–ಮಂಗಳೂರು ಹೆದ್ದಾರಿ ಊರಿನ ಮಗ್ಗುಲಲ್ಲೇ. ಶುಕ್ರವಾರ ರಾತ್ರಿ ಬೆಂಗಳೂರಿನ ಕಾರುಗಳೆಲ್ಲ ಸಕಲೇಶಪುರದ ಕಡೆಗೆ, ಭಾನುವಾರ ಸಂಜೆ ಅವೇ ಕಾರುಗಳು ವಾಪಸ್. ಜಗತ್ತು ನಮ್ಮ ಕಣ್ಣೆದುರೇ ಪ್ರವಾಸ ಹೋಗಿ ಬರುತ್ತಿದೆ. ನಾವು ರಸ್ತೆ ಬದಿ ನಿಂತು ಅದಕ್ಕೆ ಎಳನೀರು ಕೊಚ್ಚಿ ಕೊಡುತ್ತಿದ್ದೇವೆ.

ಹಾಸನ ಜಿಲ್ಲೆಯವರಿಗೆ ದೂರ ಹೋಗುವುದು ಒಗ್ಗುವುದಿಲ್ಲ ಅನ್ನೋಣವೆಂದರೆ ಅದೂ ಸುಳ್ಳು. ಹೇಮಾವತಿ ದಂಡೆಯ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಎಪ್ಪತ್ತು ದಾಟಿದ ಮೇಲೆ ಅಮೆರಿಕಕ್ಕೆ ಹೋದರು. ಹೋಗಿದ್ದಷ್ಟೇ ಅಲ್ಲ, ‘ಅಮೇರಿಕದಲ್ಲಿ ಗೊರೂರು’ ಅಂತ ಪುಸ್ತಕ ಬರೆದು 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನೂ ತಂದರು. ನಮ್ಮದೇ ತಾಲ್ಲೂಕಿನ ಸಂತೇಶಿವರದ ಭೈರಪ್ಪನವರು ದೇಶದೇಶ ಸುತ್ತಿದರು. ಹಾಗಾಗಿ ನೆಪ ಹೇಳುವವರು ಬೇರೆ ನೆಪ ಹುಡುಕಿಕೊಳ್ಳಬೇಕು. ನೆಪಕ್ಕೇನು ಬರ? ಹಾಲು ಕರೆಯುವ ಹಸು ಒಂದಿದ್ದರೆ ಸಾಕು. ಆ ಹಸುವಿನ ಹತ್ತಿರ ಆಮೇಲೆ ಬರೋಣ. ಮೊದಲು ದುಡ್ಡಿನ ಲೆಕ್ಕ ಮುಗಿಯಲಿ.

ದುಡ್ಡು ಬಂದದ್ದು ಕೊಬ್ಬರಿಯಿಂದ. 2023ರಲ್ಲಿ ತಿಪಟೂರು ಮಾರುಕಟ್ಟೆಯಲ್ಲಿ ಉಂಡೆ ಕೊಬ್ಬರಿ ಕ್ವಿಂಟಲ್‌ಗೆ 8 ಸಾವಿರದ ಆಸುಪಾಸಿಗೆ ಬಿದ್ದು, 11,750 ರೂಪಾಯಿ ಬೆಂಬಲ ಬೆಲೆ ಸಿಕ್ಕರೆ ಪುಣ್ಯ ಅಂತ ಜನ ಸಾಲು ನಿಂತಿದ್ದರು. 2025ರಲ್ಲಿ ಅದೇ ಕೊಬ್ಬರಿ 25 ಸಾವಿರ ದಾಟಿತು. ನಮ್ಮ ಚಿಕ್ಕಪ್ಪನ ಅಟ್ಟದಲ್ಲಿದ್ದ ಕಾಯಿ ಆ ಹೊತ್ತಿಗೇ ಸರಿಯಾಗಿ ಒಣಗಿತ್ತು. ಉಂಡೆ ಕೊಬ್ಬರಿ ಆಗಬೇಕಾದರೆ ತೆಂಗಿನಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಸುಮ್ಮನೆ ಬಿದ್ದಿರಬೇಕು. ಕಾಯಿಗೆ ಹನ್ನೊಂದು ತಿಂಗಳು ರಜೆ ಕೊಟ್ಟ ಮನುಷ್ಯ ತನಗೆ ಹನ್ನೊಂದು ದಿನ ಕೊಟ್ಟುಕೊಂಡಿದ್ದು ನಾನು ಕಂಡಿಲ್ಲ.

ಕೊಬ್ಬರಿ ಮಾರಿ ಬಂದ ಸಂಜೆ ಚಿಕ್ಕಪ್ಪ ಜಗುಲಿ ಮೇಲೆ ಕೂತು, ಎಲೆಗೆ ಸುಣ್ಣ ಸವರುತ್ತ, ಯಾರಿಗೂ ಹೇಳದ ಹಾಗೆ ಎಲ್ಲರಿಗೂ ಹೇಳಿತು: “ಒಂದ್ಸಲ ಫಾರಿನ್ ನೋಡ್ಕೊಂಡು ಬಂದ್ಬುಡಣ ಕಣ್ಲಾ ಮಗ.”

ಒಳಗಿನಿಂದ ಚಿಕ್ಕಮ್ಮ: “ಮೊದ್ಲು ಬಚ್ಚಲುಮನೆ ನಲ್ಲಿ ರಿಪೇರಿ ಮಾಡ್ಸಿ ಹೋಗಿ.”

ಚಿಕ್ಕಪ್ಪನ ಮೊದಲ ಆಸೆ ಯೂರೋಪು. ಟೀವಿಯಲ್ಲಿ ನೋಡಿದ ಹಿಮ ತಲೆಯಲ್ಲಿ ಕೂತಿತ್ತು. ಮೊಬೈಲು ಒತ್ತುವ ಕೆಲಸ ನನಗೆ ಬಿತ್ತು. ವೀಸಾ ಶುಲ್ಕ ತಲೆಗೆ 90 ಯೂರೋ. ವೀಸಾ ಕೊಡದಿದ್ದರೂ ಆ ದುಡ್ಡು ವಾಪಸ್ ಬರುವುದಿಲ್ಲ. ಕಡಿಮೆಯೆಂದರೆ 30 ಸಾವಿರ ಯೂರೋಗಳ ಆರೋಗ್ಯ ವಿಮೆ ಬೇಕು. ಅದಾದ ಮೇಲೆ ಬ್ಯಾಂಕ್ ಸ್ಟೇಟ್‌ಮೆಂಟು, ಆದಾಯ ತೆರಿಗೆ ಕಟ್ಟಿದ ಕಾಗದ. ಚಿಕ್ಕಪ್ಪನ ಆದಾಯವೆಲ್ಲ ತೆಂಗಿನ ಮರದ ಮೇಲಿದೆ, ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಆದ್ದರಿಂದ ಕಾಗದವೂ ಇಲ್ಲ. ಬ್ಯಾಂಕಿನ ಪಾಸ್‌ಬುಕ್ ತೆಗೆದರೆ ವರ್ಷಕ್ಕೊಂದು ಸಲ ಜಾತ್ರೆ ತೇರಿನ ಹಾಗೆ ದುಡ್ಡು ಬಂದು, ಮೂರು ದಿನದಲ್ಲಿ ಮೈದಾನ ಖಾಲಿ. “ಪಹಣಿ ತೋರ್ಸುದ್ರೆ ಆಯ್ತದಾ?” ಅಂತ ಕೇಳಿತು. ಪಹಣಿಯನ್ನು ಇಂಗ್ಲಿಷಿಗೆ ತರ್ಜುಮೆ ಮಾಡಿಸಿ, ನೋಟರಿ ಮುದ್ರೆ ಒತ್ತಿಸಿ, ಪ್ಯಾರಿಸ್ಸಿಗೆ ಹೋಗುವ ಉದ್ದೇಶ ಏನು ಅಂತ ವಿವರಿಸುವಷ್ಟರಲ್ಲಿ ಇನ್ನೊಂದು ಬೆಳೆ ಕಾಯಿ ಒಣಗುತ್ತದೆ. ಯೂರೋಪು ಅಲ್ಲಿಗೇ ಮುಗಿಯಿತು.

ಆಮೇಲೆ ಸಿಕ್ಕಿದ್ದು ಬಾಲಿ. ಇಂಡೋನೇಷ್ಯಾದ ದ್ವೀಪ. 2024ರ ಮಾರ್ಚ್ ಕೊನೆಯಿಂದ ಇಂಡಿಗೋ ಬೆಂಗಳೂರಿನಿಂದ ಅಲ್ಲಿಗೆ ನೇರ ವಿಮಾನ ಬಿಟ್ಟಿದೆ. ಆರೂವರೆ–ಏಳು ಗಂಟೆ ಹಾರಾಟ. ಆರು ಗಂಟೆ ದಾಟಿದರೆ ವಿಮಾನದವರ ಲೆಕ್ಕದಲ್ಲಿ ಅದು ದೂರಪ್ರಯಾಣವೇ. ಮೊದಲೇ ವೀಸಾ ಮಾಡಿಸಿಕೊಂಡು ಹೋಗಬೇಕಾಗಿಲ್ಲ, ಇಳಿದ ಮೇಲೆ ಅಲ್ಲೇ ದುಡ್ಡು ಕಟ್ಟಿದರೆ ಮೂವತ್ತು ದಿನಕ್ಕೆ ಮುದ್ರೆ ಒತ್ತುತ್ತಾರೆ. ಎಷ್ಟು ದುಡ್ಡು ಅಂತ ಚಿಕ್ಕಪ್ಪ ಕೇಳಿತು. ನಾನು ಇದ್ದದ್ದು ಇದ್ದ ಹಾಗೆ ಓದಿದೆ: “ಒಬ್ಬರಿಗೆ ಐದು ಲಕ್ಷ ರುಪಿಯಾ.”

ಸುಣ್ಣದ ಡಬ್ಬಿ ಕೈಜಾರಿ ಅಂಗಳಕ್ಕೆ ಬಿತ್ತು. ಚಿಕ್ಕಮ್ಮ ಸೌಟು ಹಿಡಿದುಕೊಂಡೇ ಆಚೆ ಬಂದರು. ನಮ್ಮ ಒಂದು ರೂಪಾಯಿಗೆ ಅವರ 180ಕ್ಕೂ ಹೆಚ್ಚು ರುಪಿಯಾ ಬರುತ್ತದೆ, ಐದು ಲಕ್ಷ ಅಂದರೆ ನಮ್ಮಲ್ಲಿ 2,700 ರೂಪಾಯಿಯ ಆಸುಪಾಸು ಅಂತ ಬಿಡಿಸಿ ಹೇಳುವಷ್ಟರಲ್ಲಿ ಚಿಕ್ಕಪ್ಪನಿಗೆ ಎರಡು ಲೋಟ ನೀರು ಬೇಕಾಯಿತು. ಆದರೆ ವಿಷಯ ಅರ್ಥವಾದದ್ದೇ ಮುಖ ಅರಳಿದ್ದು ನೋಡಬೇಕಿತ್ತು. “ಅಂದ್ರೆ ನಾನು ಅಲ್ಲಿ ಕೋಟ್ಯಧೀಶ ಅನ್ನು!” ಲೆಕ್ಕ ಹಾಕಿದರೆ ಸುಳ್ಳಲ್ಲ. 55 ಸಾವಿರ ರೂಪಾಯಿ ಅಲ್ಲಿ ಕೋಟಿ ರುಪಿಯಾ. ಆದರೆ ಆ ಕೋಟ್ಯಧೀಶನಿಗೆ ಒಂದು ಕಾಫಿಗೆ ಇಪ್ಪತ್ತು ಮೂವತ್ತು ಸಾವಿರ ಕೇಳುತ್ತಾರೆ ಅನ್ನುವುದನ್ನು ಇನ್ನೂ ಹೇಳಿಲ್ಲ. 2024ರ ಫೆಬ್ರವರಿಯಿಂದ ಬಾಲಿಯವರು ಪ್ರವಾಸಿಗರ ಮೇಲೆ ತಲೆಗೆ ಒಂದೂವರೆ ಲಕ್ಷ ರುಪಿಯಾ ತೆರಿಗೆ ಬೇರೆ ಹಾಕಿದ್ದಾರೆ. ಅದು ನಮ್ಮ 800 ರೂಪಾಯಿ ಚಿಲ್ಲರೆ.

ಚಿಕ್ಕಮ್ಮನ ಪ್ರಶ್ನೆ ನೇರವಾಗಿತ್ತು. “ಅಲ್ಲೇನೈತೆ ನೋಡಕ್ಕೆ?”

ದೇವಸ್ಥಾನ, ಗದ್ದೆ, ತೆಂಗಿನ ಮರ ಅಂದೆ. ಅಲ್ಲಿನ ಬೆಟ್ಟದ ಗದ್ದೆಗಳಿಗೆ ದೇವಸ್ಥಾನದ ಕಡೆಯಿಂದಲೇ ನೀರು ಹಂಚುವ ಸುಬಾಕ್ ಅನ್ನುವ ಪದ್ಧತಿ ಇದೆ, 2012ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ, ತೆಂಗು ಬೆಳೆಯುವುದರಲ್ಲಿ ಇಂಡೋನೇಷ್ಯಾ ಜಗತ್ತಿನ ಮುಂಚೂಣಿಯ ದೇಶ ಅಂತ ಸೇರಿಸಿದೆ. ಸೇರಿಸಬಾರದಿತ್ತು.

“ಬಾಗ್ಲು ತೆಗುದ್ರೆ ತೆಂಗಿನ ಮರ, ಬಾಗ್ಲು ಹಾಕುದ್ರೆ ಕಾಯಿ ಸುಲಿಯೋ ಸದ್ದು. ಏಳು ಗಂಟೆ ಆಕಾಶದಲ್ಲಿ ಹೋಗಿ ಇನ್ನೊಬ್ರ ತೋಟ ನೋಡ್ಬೇಕಾ?”

“ಸಮುದ್ರ ಐತೆ ಕಣೆ!”

“ಸಮುದ್ರ ಮಂಗಳೂರಲ್ಲೂ ಐತೆ. ಇದೇ ರೋಡು. ನಂಗೆ ಬಸ್ಸು ಫ್ರೀ.”

ಇದಕ್ಕೆ ಚಿಕ್ಕಪ್ಪನ ಹತ್ತಿರ ಉತ್ತರ ಇರಲಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಾಗಿನಿಂದ ನಮ್ಮ ಮನೆಗಳಲ್ಲಿ ಪ್ರವಾಸದ ವಿಚಾರಕ್ಕೆ ಗಂಡಸರ ಮಾತು ಒಂದು ಟಿಕೆಟ್ಟಿನಷ್ಟು ಕಮ್ಮಿಯಾಗಿದೆ. ಕೊನೆಗೆ ಚಿಕ್ಕಮ್ಮ ಒಪ್ಪಿದ್ದು ಬೇರೆ ಕಾರಣಕ್ಕೆ. ಅಲ್ಲಿನ ದೇವಸ್ಥಾನದೊಳಗೆ ಗಂಡಸರು ಪ್ಯಾಂಟು ಚಡ್ಡಿಯಲ್ಲಿ ಹಾಗೇ ನುಗ್ಗುವಂತಿಲ್ಲ, ಸೊಂಟಕ್ಕೆ ಪಂಚೆಯಂಥದ್ದೊಂದು ಸುತ್ತಿಕೊಂಡೇ ಹೋಗಬೇಕು. “ಹಂಗಾದ್ರೆ ಇವ್ರಿಗೆ ಹೊಸ ಬಟ್ಟೆ ಖರ್ಚಿಲ್ಲ,” ಅಂದರು. ಪ್ರವಾಸ ಮಂಜೂರಾಯಿತು.

ಇನ್ನು ಯಾವಾಗ ಹೋಗುವುದು? ಕ್ಯಾಲೆಂಡರ್ ಗೋಡೆಯಿಂದ ಕೆಳಗಿಳಿಯಿತು. ಜನವರಿ ಅಂದೆ, ರಾಗಿ ಕಣ ಮುಗಿದಿರಲ್ಲ. ಫೆಬ್ರವರಿ, ಜಾತ್ರೆಗಳು. ಏಪ್ರಿಲ್, ಮೇ, ಮದುವೆಗಳು, ಒಂದಕ್ಕೆ ಹೋಗದಿದ್ದರೂ ಜನ್ಮಪೂರ್ತಿ ಮಾತು ಕೇಳಬೇಕು. ಶ್ರಾವಣ, ಶನಿವಾರಗಳು. ಗೌರಿ ಹಬ್ಬ, ಮಗಳು ಬರುತ್ತಾಳೆ. ಪಿತೃಪಕ್ಷ, ಹಿರಿಯರಿಗೆ ಎಡೆ ಇಡೋರ್ಯಾರು? ದೀಪಾವಳಿ ಕಳೆದರೆ ಮತ್ತೆ ರಾಗಿ ಕೊಯ್ಲು. ಹನ್ನೆರಡು ತಿಂಗಳಿಗೂ ಚಿಕ್ಕಮ್ಮ ಕಾಟು ಹೊಡೆದರು.

ಯುಗಾದಿಗೆ ಹೋಗೋಣ ಅಂತ ಚಿಕ್ಕಪ್ಪ ಒಂದು ಪಟ್ಟು ಹಿಡಿಯಿತು. ಅದನ್ನು ನಾನೇ ತಪ್ಪಿಸಿದೆ. ಬಾಲಿಯವರದೂ ನಮ್ಮ ಶಕವರ್ಷವೇ, ಅವರ ಹೊಸ ವರ್ಷವೂ ಅಮಾವಾಸ್ಯೆ ಕಳೆದ ಮಾರನೇ ದಿನವೇ ಬರುತ್ತದೆ. 2026ರಲ್ಲಂತೂ ನಮ್ಮ ಯುಗಾದಿ, ಅವರ ನ್ಯೇಪಿ ಎರಡೂ ಮಾರ್ಚ್ 19ಕ್ಕೇ. ಆದರೆ ಅವರು ಹಬ್ಬ ಮಾಡುವ ಕ್ರಮ ಬೇರೆ. ಇಡೀ ದ್ವೀಪ 24 ಗಂಟೆ ಮೌನ. ಒಲೆ ಹಚ್ಚುವುದಿಲ್ಲ, ದೀಪ ಹಾಕುವುದಿಲ್ಲ, ರಸ್ತೆಗೆ ಕಾಲಿಡುವುದಿಲ್ಲ. ವಿಮಾನ ನಿಲ್ದಾಣಕ್ಕೂ ಬೀಗ. ಪ್ರವಾಸಿಗರು ಹೋಟೆಲಿನಿಂದ ಆಚೆ ಬರುವ ಹಾಗಿಲ್ಲ. ಯುಗಾದಿ ದಿನ ಇಸ್ಪೀಟಿಲ್ಲ, ಮಾರನೇ ದಿನ ಹೊಸತೊಡಕಿಲ್ಲ ಅಂದರೆ ಚಿಕ್ಕಪ್ಪ ಬದುಕಿ ವಾಪಸ್ ಬರುವುದೇ ಅನುಮಾನ.

ದಾರಿ ತೋರಿಸಿದ್ದು ಪಂಚಾಂಗ. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ಮಾಸ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಯಾರ ಮನೆಯ ಕಾರ್ಡೂ ಬರುವುದಿಲ್ಲ. ಬಾಲಿಯಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಮಳೆ ಕಡಿಮೆ. ಜುಲೈ, ಆಗಸ್ಟ್‌ನಲ್ಲಿ ಆಸ್ಟ್ರೇಲಿಯಾ, ಯೂರೋಪಿನವರು ತುಂಬಿಕೊಂಡು ದರ ಏರಿಸುತ್ತಾರೆ. ಜೂನ್ ಮೊದಲ ವಾರದ ಹೊತ್ತಿಗೆ ನಮ್ಮ ಶಾಲೆಗಳು ಶುರುವಾಗಿ ರಜೆಯ ಗಿರಾಕಿಗಳೂ ಇಳಿದಿರುತ್ತಾರೆ. ಅಧಿಕ ಮಾಸ ಶುಭಕಾರ್ಯಕ್ಕೆ ಆಗುವುದಿಲ್ಲ ಅಂತ ನಮ್ಮ ಹಿರಿಯರು ಹೇಳಿದ್ದು ವಿಮಾನದ ಟಿಕೆಟ್ಟಿಗೆ ಇಷ್ಟು ಅನುಕೂಲವಾಗುತ್ತದೆ ಅಂತ ಯಾರು ಕಂಡಿದ್ದರು!

ಪಾಸ್‌ಪೋರ್ಟಿನದು ಇನ್ನೊಂದು ಕತೆ. ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯುವ ಪದ್ಧತಿ 2017ರ ಜನವರಿಯಲ್ಲಿ ನಮ್ಮ ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ ಶುರುವಾಗಿ, ಈಗ ಹಾಸನದಲ್ಲೂ ಇದೆ. ಶುಲ್ಕ 1,500 ರೂಪಾಯಿ, ದೊಡ್ಡವರಿಗೆ ಹತ್ತು ವರ್ಷ ಬಾಳಿಕೆ. ಕಷ್ಟ ಇದ್ದದ್ದು ಅರ್ಜಿ ತುಂಬುವಲ್ಲಿ. ಒಂದು ಮನೆಯಲ್ಲಿ ಹೆಸರು, ಇನ್ನೊಂದು ಮನೆಯಲ್ಲಿ ಸರ್‌ನೇಮು. ನಮ್ಮ ಕಡೆ ಸರ್‌ನೇಮು ಎಲ್ಲಿಂದ ತರುವುದು? ಇರುವುದು ಎರಡು ಇನಿಷಿಯಲ್ಲು. ಒಂದು ಊರಿನದು, ಇನ್ನೊಂದು ಅಪ್ಪನದು. ಹೆಸರಿನ ಒಂದೇ ಭಾಗ ಇರುವ ಪಾಸ್‌ಪೋರ್ಟಿಗೆ ದುಬೈ ಕಡೆಯವರು 2022ರ ನವೆಂಬರ್‌ನಿಂದ ತಕರಾರು ತೆಗೆದಿದ್ದಾರೆ, ಆದ್ದರಿಂದ ಆ ಮನೆ ಖಾಲಿ ಬಿಡದಿರುವುದೇ ಒಳ್ಳೆಯದು ಅಂದೆ. ಚಿಕ್ಕಪ್ಪ ಊರನ್ನೇ ಸರ್‌ನೇಮು ಮಾಡಿಕೊಂಡಿತು. ಇನ್ನು ಮೇಲೆ ವಿಮಾನದಲ್ಲಿ ಯಾರಾದರೂ ಮೈಕು ಹಿಡಿದು ಕೂಗಿದರೆ “ಮಿಸ್ಟರ್ ಹಿರೀಸಾವೆ” ಅಂತಲೇ ಕೂಗಬೇಕು. ಊರಿಗೆ ಊರೇ ಎದ್ದು ಹೋಗಬೇಕಾದೀತು. ಹುಟ್ಟಿದ ದಿನ ಮಾತ್ರ ಚರ್ಚೆಯೇ ಇಲ್ಲದೆ ಮುಗಿಯಿತು: ಜೂನ್ 1. ಆ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ಅರ್ಧ ಊರಿಗೆ ಕೊಟ್ಟ ದಿನಾಂಕ ಅದು. ಮುಂದೆ ಪೊಲೀಸ್ ಪರಿಶೀಲನೆ. ಪೊಲೀಸರು ಮನೆ ಕೇಳಿಕೊಂಡು ಬಂದ ಸುದ್ದಿ ಮಧ್ಯಾಹ್ನದೊಳಗೆ ಊರೆಲ್ಲ ಸುತ್ತಿ, ಸಂಜೆ ಹೊತ್ತಿಗೆ ಇಬ್ಬರು ಜಾಮೀನು ಕೊಡುವುದಕ್ಕೂ ಬಂದಿದ್ದರು.

ಹಾಸನಕ್ಕೇ ವಿಮಾನ ನಿಲ್ದಾಣ ಬರಲಿ, ಆಮೇಲೆ ಹೋಗೋಣ ಅಂತ ಜಾಮೀನಿಗೆ ಬಂದವರಲ್ಲೊಬ್ಬರು ಸಲಹೆ ಕೊಟ್ಟರು. ಆ ನಿಲ್ದಾಣದ ಮಾತು ಹುಟ್ಟಿದಾಗ ಹುಟ್ಟಿದ ಮಕ್ಕಳು ಈಗ ಮದುವೆ ವಯಸ್ಸಿಗೆ ಬಂದಿದ್ದಾರೆ. ಚಿಕ್ಕಪ್ಪ ಕಾಯಲಿಲ್ಲ. ಲೆಕ್ಕ ಹೀಗೆ: ಮೆಜೆಸ್ಟಿಕ್‌ವರೆಗೆ ಕೆಂಪು ಬಸ್ಸು. ಚಿಕ್ಕಮ್ಮನಿಗೆ ಆಧಾರ್ ಕಾರ್ಡು ಸಾಕು, ಚಿಕ್ಕಪ್ಪನಿಗೆ ಟಿಕೆಟು. ಮೆಜೆಸ್ಟಿಕ್‌ನಿಂದ ದೇವನಹಳ್ಳಿಗೆ ವಾಯುವಜ್ರ. ಏಸಿ ಬಸ್ಸಾದ್ದರಿಂದ ಅಲ್ಲಿ ಗಂಡ ಹೆಂಡತಿ ಇಬ್ಬರೂ ಸಮಾನರು, ಆದರೂ ಟ್ಯಾಕ್ಸಿಗಿಂತ ಎಷ್ಟೋ ಅಗ್ಗ. 2023ರ ಸೆಪ್ಟೆಂಬರ್‌ನಿಂದ ವಿದೇಶದ ವಿಮಾನಗಳು ಹೊರಡುವುದು ಎರಡನೇ ಟರ್ಮಿನಲ್‌ನಿಂದ. ಅದರ ಚಾವಣಿಗೆಲ್ಲ ಬಿದಿರು ಹೊದಿಸಿದ್ದಾರೆ. ಮೂರು ಗಂಟೆ ಮೊದಲೇ ಹೋಗಿರಬೇಕು ಅಂದದ್ದಕ್ಕೆ ಚಿಕ್ಕಪ್ಪ, “ಹಿಂದಿನ ದಿನವೇ ಹೋಗಿ ಬಿದುರಿನ ಕೆಳಗೆ ಮಲಗಣ ಬಿಡು,” ಅಂದಿದೆ.

ಚೀಲ ಕಟ್ಟುವ ರಿಹರ್ಸಲ್ಲೂ ಆಗಿದೆ. ಚಿಕ್ಕಮ್ಮ ಮೊದಲು ತುಂಬಿದ್ದು ಚಟ್ನಿಪುಡಿ, ನಿಪ್ಪಟ್ಟು, ಮಾವಿನ ಮಿಡಿ ಉಪ್ಪಿನಕಾಯಿ, ಎರಡು ಉಂಡೆ ಕೊಬ್ಬರಿ. ಉಪ್ಪಿನಕಾಯಿ ಕೈಚೀಲದಲ್ಲಿ ಹೋಗುವುದಿಲ್ಲ. ನೀರಾಗಿರುವ, ಎಣ್ಣೆಯಾಗಿರುವ ಯಾವುದೂ ನೂರು ಮಿಲಿಲೀಟರ್ ಡಬ್ಬಿ ಮೀರಿದರೆ ತಪಾಸಣೆಯವರು ತೆಗೆದಿಡುತ್ತಾರೆ. ಅಡಕತ್ತರಿಯೂ ಕೈಚೀಲಕ್ಕೆ ಸಲ್ಲದು. ಮೊಬೈಲಿನ ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು, ಬಿಪಿ ಶುಗರಿನ ಮಾತ್ರೆಗಳೂ, ಡಾಕ್ಟರ ಚೀಟಿಯೂ ಹಾಗೆಯೇ. ಗಸಗಸೆ ಬಾಲಿ ದಾರಿಯಲ್ಲಿ ಬೇಡವೇ ಬೇಡ. ಮುಂದೆಂದಾದರೂ ದುಬೈ, ಸಿಂಗಪುರದ ಮೇಲೆ ಹೋಗುವವರು ಪಾಯಸದ ಆಸೆಯನ್ನು ಮನೆಯಲ್ಲೇ ಬಿಟ್ಟು ಹೋಗಿ, ಅಲ್ಲಿ ಅದು ಅಫೀಮಿನ ಲೆಕ್ಕಕ್ಕೆ ಬರುತ್ತದೆ. ಎಲ್ಲಕ್ಕಿಂತ ದೊಡ್ಡ ಆಘಾತ ಕೊಬ್ಬರಿಯದು. ಒಣ ಕೊಬ್ಬರಿಯಲ್ಲಿ ಎಣ್ಣೆ ಜಾಸ್ತಿ, ಬಿಸಿಯೇರಿದರೆ ತಾನಾಗಿಯೇ ಹೊತ್ತಿಕೊಳ್ಳಬಹುದು ಅಂತ ವಿಮಾನಯಾನದ ನಿಯಮಗಳು ಅದನ್ನು ಅಪಾಯಕಾರಿ ಸರಕಿನ ಪಟ್ಟಿಗೆ ಹಾಕಿವೆ; ಲಗೇಜಿನಲ್ಲಿ ಬಿಡುವುದಿಲ್ಲ. ಚಿಕ್ಕಪ್ಪ ಬಹಳ ಹೊತ್ತು ಆ ಉಂಡೆಯನ್ನೇ ನೋಡಿತು. “ನನ್ನ ಟಿಕೆಟ್ಟಿಗೆ ದುಡ್ಡು ಕೊಟ್ಟಿದ್ದೇ ಇದು. ಇದಕ್ಕೇ ವಿಮಾನ ಹತ್ತಂಗಿಲ್ವಾ?”

ನೋಟುಗಳನ್ನು ಪಟ್ಟಾಪಟ್ಟಿ ಚಡ್ಡಿಯ ಒಳಜೇಬಿನಲ್ಲಿ ಒಯ್ಯುವುದೆಂದು ತೀರ್ಮಾನವಾಗಿದೆ. ದೇಶದಿಂದಾಚೆಗೆ ಒಬ್ಬರು 25 ಸಾವಿರಕ್ಕಿಂತ ಹೆಚ್ಚು ನಮ್ಮ ನೋಟು ಒಯ್ಯುವಂತಿಲ್ಲ, ಉಳಿದದ್ದು ಬ್ಯಾಂಕಿನ ಫಾರೆಕ್ಸ್ ಕಾರ್ಡಿಗೆ ಹಾಕಿಸಿ ಅಂತ ಹೇಳಿದ್ದೇನೆ.

ಇಷ್ಟರಲ್ಲಿ ನೆಂಟರಿಗೆ ಸುದ್ದಿ ಮುಟ್ಟಿತ್ತು. ದೂರಪ್ರವಾಸದ ಖರ್ಚಿನಲ್ಲಿ ಎಲ್ಲರೂ ಲೆಕ್ಕ ಹಾಕದೆ ಬಿಡುವ ಬಾಬ್ತು ಇದೇ. ಹಿಂದೆ ಕಾಶಿಗೆ ಹೋಗಿ ಬಂದವರು ಗಂಗೆ ತಂಬಿಗೆ ಪೂಜೆ ಮಾಡಿ, ಸಮಾರಾಧನೆ ಹಾಕಿ, ಬಂದವರಿಗೆಲ್ಲ ಕಾಶಿದಾರ ಕೊಟ್ಟು ಕಳಿಸುತ್ತಿದ್ದರು. ಈಗ ಕಾಶಿ ಸುಲಭವಾಗಿದೆ. 2022ರ ನವೆಂಬರ್ 11ರಂದು ಬೆಂಗಳೂರಿನಿಂದ ಹೊರಟ ಭಾರತ್ ಗೌರವ್ ಕಾಶಿ ದರ್ಶನ ರೈಲಿನಲ್ಲಿ ಎಂಟು ದಿನಕ್ಕೆ 20 ಸಾವಿರ, ಅದರಲ್ಲಿ 5 ಸಾವಿರ ಸರ್ಕಾರದ್ದು, ಯಾತ್ರಿಕ ಕೊಟ್ಟದ್ದು 15 ಸಾವಿರ. ಆದರೆ ಊಟಕ್ಕೆ ಬರುವ ಮುನ್ನೂರು ಜನಕ್ಕೆ ಸರ್ಕಾರ ಸಹಾಯಧನ ಕೊಡುವುದಿಲ್ಲ. ಬಾಲಿಗೆ ಸಮಾರಾಧನೆ ಇಲ್ಲ ಅಂತ ಚಿಕ್ಕಪ್ಪ ಖುಷಿಯಲ್ಲಿತ್ತು. ಅಷ್ಟರಲ್ಲಿ ಸೋದರತ್ತೆಯ ಫೋನು: “ಏನೂ ತರಬೇಡ್ರಪ್ಪ. ಒಂದು ಮಿಕ್ಸಿ ಚೆನ್ನಾಗಿರದು ಸಿಕ್ರೆ ನೋಡಿ.” ಚಿಕ್ಕಮ್ಮ ಒಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಬರೆದರು. ಟಿಕೆಟ್ಟು, ಹೋಟೆಲು, ವೀಸಾ, ವಿಮೆ ಎಲ್ಲ ಸೇರಿ ಅರ್ಧ ಪುಟ. ನೆಂಟರದು ಎರಡು ಪುಟ. ಆ ಎರಡು ಪುಟ ಹರಿದು ಒಲೆಗೆ ಹಾಕಿದ್ದೇ ಈ ಪ್ರವಾಸದ ಅತಿ ದೊಡ್ಡ ಉಳಿತಾಯ. ಹರಿದದ್ದು ಚಿಕ್ಕಮ್ಮನೇ. ಚಿಕ್ಕಪ್ಪನಿಗೆ ಆ ಧೈರ್ಯ ಎಲ್ಲಿಂದ ಬರಬೇಕು?

ಈಗ ಹಸುವಿನ ಹತ್ತಿರ ಬರೋಣ. ಎಲ್ಲ ಮುಗಿದ ಮೇಲೆ ಒಂದು ರಾತ್ರಿ ಚಿಕ್ಕಮ್ಮ ಮೆಲ್ಲಗೆ ಕೇಳಿದರು: “ಸೀಮೆ ಹಸು ಕರೆಯೋರ್ಯಾರು?” ಮನೆ ಮೌನವಾಯಿತು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಡೇರಿಗೆ ಹಾಲು ಹೋಗಲೇಬೇಕು. ಕೈ ಬದಲಾದರೆ ಆ ಹಸು ಹಾಲು ಇಳಿಸುವುದಿಲ್ಲ, ಒದೆಯುತ್ತದೆ. ಅದಕ್ಕೆ ಅಧಿಕ ಮಾಸವೂ ಇಲ್ಲ, ರಜೆಯೂ ಇಲ್ಲ. ನಮ್ಮ ಕಡೆ ಎಷ್ಟೋ ಜನ ದೂರ ಹೋಗದೆ ಉಳಿದದ್ದು ದುಡ್ಡಿಲ್ಲದೆ ಅಲ್ಲ, ಈ ಒಂದು ಪ್ರಶ್ನೆಗೆ ಉತ್ತರ ಇಲ್ಲದೆ.

ಉತ್ತರ ಪಕ್ಕದ ಮನೆಯಲ್ಲಿತ್ತು. ನಾಟಿಗೆ, ಕಳೆಗೆ, ಕೊಯ್ಲಿಗೆ ನಾವು ಮುಯ್ಯಾಳು ಹೋಗುತ್ತೇವಲ್ಲ, ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಪಕ್ಕದ ಮನೆಯ ಅಕ್ಕ ಅದನ್ನೇ ಹೇಳಿತು: “ನಿಮ್ಮ ಹಸ ನಾನು ಕರೀತೀನಿ. ಕಾರ್ತೀಕದಲ್ಲಿ ನಾವು ಕಾಶಿಗೆ ಹೋಯ್ತೀವಿ, ಆಗ ನಮ್ಮೆರಡು ಹಸ ನೀನು ಕರಿ.” ಈಗ ಹದಿನೈದು ದಿನದಿಂದ ದಿನಾ ಸಂಜೆ ಚಿಕ್ಕಮ್ಮನ ಜೊತೆ ಆ ಅಕ್ಕನೂ ಕೊಟ್ಟಿಗೆಯಲ್ಲಿ ಕೂರುತ್ತದೆ. ಚಿಕ್ಕಮ್ಮನ ಹಳೇ ಸೀರೆ ಉಟ್ಟುಕೊಂಡು ಬರುತ್ತದೆ, ಹಸುವಿಗೆ ವಾಸನೆ ಹೊಂದಲಿ ಅಂತ. ಮೊದಮೊದಲು ಒದ್ದ ಹಸು ಈಗ ಕಿವಿ ಕೂಡ ಆಡಿಸುವುದಿಲ್ಲ.

ಆದ್ದರಿಂದ ದೂರ ಹೋಗುವ ಆಸೆ ಇರುವವರಿಗೆ ನನ್ನದಿಷ್ಟೇ ಮಾತು. ಟಿಕೆಟ್ಟಿನ ದರ ಆಮೇಲೆ ನೋಡಿ, ಮೊದಲು ನಿಮ್ಮ ಮುಯ್ಯಾಳನ್ನು ಗೊತ್ತು ಮಾಡಿಕೊಳ್ಳಿ. ಹಸು ಇಲ್ಲದವರಿಗೆ ವಯಸ್ಸಾದ ತಾಯಿ, ಅಂಗಡಿ, ಬೀಗದ ಕೈ, ಏನಾದರೊಂದು ಇದ್ದೇ ಇರುತ್ತದೆ. ನೆಂಟರ ಪಟ್ಟಿ ಬರೆಯಲೇಬೇಡಿ. ಹಾಸನಕ್ಕೆ ಮುಂದಿನ ಸಲ ಹೋದಾಗ ಪಾಸ್‌ಪೋರ್ಟಿಗೆ ಅರ್ಜಿ ಹಾಕಿ ಬನ್ನಿ. 1,500 ರೂಪಾಯಿ, ಹತ್ತು ವರ್ಷ ಬರುತ್ತದೆ. ಕೊಬ್ಬರಿ ರೇಟು ಅಷ್ಟು ದಿನ ನಿಲ್ಲುವುದಿಲ್ಲ, ಮಂಡಿಯೂ ನಿಲ್ಲುವುದಿಲ್ಲ.